ಮಧುಗಿರಿಯಿಂದ ಸೆರಾಂಪುರಕ್ಕೆ: ಒಂದು ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದ ಪರಿಚಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಪಿಯುಸಿ ಮುಗಿಸಿದವರು ಮುಂದಿನ ಓದಿಗೆ ತುಮಕೂರಿನ ಬಸ್ಸು ಹತ್ತುತ್ತಾರೆ, ಇಲ್ಲವೇ ಬೆಂಗಳೂರಿನದು. ದೇವಶಾಸ್ತ್ರ ಓದಬೇಕೆನ್ನುವ ಕೆಲವೇ ಮಂದಿಗೆ ಮಾತ್ರ ಮೂರನೆಯ ಊರಿನ ಹೆಸರು ಗೊತ್ತಿರುತ್ತದೆ: ಸೆರಾಂಪುರ. ಊರು ಬಂಗಾಳದಲ್ಲಿದ್ದರೂ ಕನ್ನಡದೊಂದಿಗೆ, ತುಮಕೂರಿನೊಂದಿಗೆ ಅದಕ್ಕಿರುವ ನಂಟು ಹಳೆಯದು.

ಊರು ಮತ್ತು ಮೂವರು

ಕೋಲ್ಕತ್ತದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರ, ಹೂಗ್ಲಿ ನದಿಯ ಬಲದಂಡೆಯಲ್ಲಿ ಸೆರಾಂಪುರವಿದೆ. 1800ರಲ್ಲಿ ಅದು ಡೇನರ ವಸಾಹತು. ಆ ವರ್ಷ ಅಲ್ಲಿ ಒಟ್ಟುಗೂಡಿದವರು ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್. ಕೇರಿ ಜೋಡು ಹೊಲಿಯುವ ಕಸುಬಿನಿಂದ ಬಂದವನು, ಮಾರ್ಷ್‌ಮನ್ ಶಾಲಾ ಮೇಷ್ಟರು, ವಾರ್ಡ್ ಮುದ್ರಕ. ಮೂವರೂ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಮಿಷನರಿಗಳು. ಎಳೆಕೂಸಿಗಲ್ಲ, ತಿಳಿದು ನಂಬಿದವರಿಗೆ ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡಬೇಕೆಂಬುದು ಈ ಪಂಗಡದ ನಿಲುವು.

ಇಂಗ್ಲೆಂಡಿನ ರಾಜಮನ್ನಣೆಯ ಸಭೆಯನ್ನು (ಚರ್ಚನ್ನು) ಒಪ್ಪದ ಇಂಥವರಿಗೆ ಆ ಕಾಲದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಪದವಿ ಸಿಗುತ್ತಿರಲಿಲ್ಲ. ಸೆರಾಂಪುರವನ್ನು ಅರ್ಥಮಾಡಿಕೊಳ್ಳಲು ಇದೊಂದು ಸಂಗತಿ ಮುಖ್ಯವೆಂದು ನಾನು ನಂಬುತ್ತೇನೆ. ಬಾಗಿಲು ಮುಚ್ಚಿಸಿಕೊಂಡವರು ಬೇರೆಯವರಿಗೆ ಬಾಗಿಲು ತೆರೆದರು. 1818ರಲ್ಲಿ ಅವರ ಕಾಲೇಜು 37 ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಮುಂದೆ 1833ರಲ್ಲಿ ಬರೆದ ನಿಯಮಾವಳಿಯಲ್ಲಿ ಜಾತಿ, ಬಣ್ಣ, ದೇಶದ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸಬಾರದೆಂದು ಸೇರಿಸಿದರು. ನಮ್ಮ ಬಹುತೇಕ ಹಳ್ಳಿಗಳಲ್ಲಿ ಎಲ್ಲ ಮಕ್ಕಳೂ ಕೂರಬಹುದಾದ ಶಾಲೆ ಇನ್ನೂ ಇಲ್ಲದ ಕಾಲವದು.

ಸುಟ್ಟುಹೋದ ಕನ್ನಡ ಹಸ್ತಪ್ರತಿ

ಕಾಲೇಜಿಗೂ ಮುಂಚಿನ ಮಾತು. 1812ರ ಮಾರ್ಚ್ 11ರ ಸಂಜೆ ಸೆರಾಂಪುರದಲ್ಲಿ ಈ ಮೂವರು ನಡೆಸುತ್ತಿದ್ದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ಸಂಸ್ಕೃತ ನಿಘಂಟಿನ ಕರಡು ಎಲ್ಲವೂ ಉರಿದವು. ಕೇರಿ ಸಿದ್ಧಪಡಿಸಿದ್ದ, ಬೈಬಲಿನ ಹೊಸ ಒಡಂಬಡಿಕೆಯ ಕನ್ನಡ ಹಸ್ತಪ್ರತಿಯೂ ಪೂರ್ತಿ ಬೂದಿಯಾಯಿತು. ಮೊಳೆ ಎರೆಯಲು ಬೇಕಾದ ಮೂಲ ಅಚ್ಚುಗಳು ಉಳಿದುಕೊಂಡವು. ಕರಗಿದ ಲೋಹವನ್ನೇ ಬಗೆದು ತೆಗೆದು ಮತ್ತೆ ಮೊಳೆ ಎರೆದರು.

ಕೇರಿ ಮತ್ತೆ ಮೊದಲಿನಿಂದ ಕುಳಿತ. 1814ರಲ್ಲಿ ಅವನ ತೆಲುಗು ವ್ಯಾಕರಣ, 1817ರಲ್ಲಿ ಕನ್ನಡ ವ್ಯಾಕರಣ ಅಚ್ಚಾದವು. ಕನ್ನಡದ ಮೊದಮೊದಲ ಮುದ್ರಿತ ವ್ಯಾಕರಣಗಳಲ್ಲೊಂದು ಹೀಗೆ ಕನ್ನಡ ನಾಡಿನಿಂದ ಬಹುದೂರದ ನದೀದಂಡೆಯಲ್ಲಿ ಹುಟ್ಟಿತು. ಕನ್ನಡ, ತೆಲುಗು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಪಾವಗಡದವರಿಗೆ ಈ ಎರಡು ಪುಸ್ತಕಗಳ ಅಣ್ಣತಮ್ಮಿಕೆ ಬಿಡಿಸಿ ಹೇಳಬೇಕಿಲ್ಲ.

ವಿಶ್ವವಿದ್ಯಾಲಯವಾದ ಬಗೆ

1827ರ ಫೆಬ್ರುವರಿ 23ರಂದು ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡೆರಿಕ್ ಕಾಲೇಜಿಗೆ ಪದವಿ ಕೊಡುವ ಅಧಿಕಾರದ ಸನ್ನದು ನೀಡಿದ. ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು 30 ವರ್ಷಗಳ ನಂತರ, 1857ರಲ್ಲಿ. 1845ರಲ್ಲಿ ಊರು ಬ್ರಿಟಿಷರಿಗೆ ಮಾರಾಟವಾದಾಗಲೂ ಸನ್ನದಿನ ಹಕ್ಕನ್ನು ಒಪ್ಪಂದದಲ್ಲೇ ಕಾಯ್ದುಕೊಂಡರು. ಆದರೂ ಮೊದಲ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಪ್ರದಾನವಾದದ್ದು 1915ರಲ್ಲಿ. 1918ರ ಸೆರಾಂಪುರ ಕಾಲೇಜು ಕಾಯ್ದೆ ಆಡಳಿತವನ್ನು ಬ್ಯಾಪ್ಟಿಸ್ಟರ ಜೊತೆಗೆ ಇತರ ಸಭೆಗಳಿಗೂ ಹಂಚಿತು. ಅಂದಿನಿಂದ ದೇಶದ ಹಲವು ದೇವಶಾಸ್ತ್ರ ಕಾಲೇಜುಗಳಿಗೆ ಸೆರಾಂಪುರದ ಸೆನೆಟ್ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದೆ.

ತುಮಕೂರಿನ ನಂಟು

ತುಮಕೂರು ಸೀಮೆಯಲ್ಲಿ ಮಿಷನ್ ಕೆಲಸ ನಡೆಸಿದವರು ಬ್ಯಾಪ್ಟಿಸ್ಟರಲ್ಲ, ಮೆಥಡಿಸ್ಟ್ ಪಂಗಡದ ವೆಸ್ಲಿಯನ್ನರು. 1837ರಲ್ಲಿ ಗುಬ್ಬಿಯಲ್ಲಿ ನೆಲೆನಿಂತ ಥಾಮಸ್ ಹಾಡ್ಸನ್ ಅವರಲ್ಲಿ ಮೊದಲಿಗ. ಮುಂದೆ ತುಮಕೂರಿನಲ್ಲಿ ಕನ್ನಡ ಬೋಧಕರನ್ನು ತಯಾರು ಮಾಡುವ ಯೂನಿಯನ್ ಕ್ಯಾನರೀಸ್ ಸೆಮಿನರಿ ನಡೆಯಿತು. 1965ರಲ್ಲಿ ಅದು ಬಾಸೆಲ್ ಮಿಷನ್ನಿನ ಸೆಮಿನರಿಯೊಂದಿಗೆ ಸೇರಿ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಸೆರಾಂಪುರದ ಬಿ.ಡಿ. ಪದವಿಗೆ ಅಲ್ಲಿ ಕನ್ನಡದಲ್ಲೇ ಪಾಠ ನಡೆಯುತ್ತದೆ. ಹಳ್ಳಿಯ ಕನ್ನಡ ಮಾಧ್ಯಮದ ಹುಡುಗ, ಹುಡುಗಿಯರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ತುಮಕೂರಿನಲ್ಲಿದ್ದ ಸೆಮಿನರಿಯ ನೆನಪು ನಮ್ಮ ಜಿಲ್ಲೆಯಲ್ಲೇ ಮಾಸುತ್ತಿರುವುದು ಬೇಸರದ ಸಂಗತಿ.

ಇನ್ನೊಂದು ದಾರಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. 1910ರಲ್ಲಿ ಸ್ಥಾಪನೆಯಾದ ಇಲ್ಲಿ ಪಾಠ ಇಂಗ್ಲಿಷಿನಲ್ಲಿ. 1981ರಲ್ಲಿ ಇಲ್ಲಿನ ಕೇರಿ ಸೊಸೈಟಿಯ ಸಭೆಯಲ್ಲಿ ಪ್ರಾಧ್ಯಾಪಕ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಕುರಿತು ಮಾತಾಡಿದರು. ಮುಂದೆ ದಲಿತ ದೇವಶಾಸ್ತ್ರವೆಂದು ಹೆಸರಾದ ಚಿಂತನೆಯ ಬೇರನ್ನು ವಿದ್ವಾಂಸರು ಆ ಭಾಷಣದಲ್ಲಿ ಗುರುತಿಸುತ್ತಾರೆ. ಜೋಡು ಹೊಲಿಯುವ ಕಸುಬಿನವನ ಹೆಸರಿನ ಸಂಘದಲ್ಲಿ ಆ ಮಾತು ಹೊರಟದ್ದು ನನಗೆ ಬಹಳ ಸರಿಯೆನಿಸುತ್ತದೆ.

ಏನು ಕಲಿಯಬಹುದು

ಬಿ.ಡಿ. ಮುಖ್ಯ ಪದವಿ. ಬೇರೆ ವಿಷಯದಲ್ಲಿ ಪದವಿ ಮುಗಿಸಿದವರಿಗೆ ನಾಲ್ಕು ವರ್ಷದ ಓದು. ಹಳೆಯ ಮತ್ತು ಹೊಸ ಒಡಂಬಡಿಕೆ, ಹೀಬ್ರೂ, ಗ್ರೀಕ್, ಸಭೆಯ ಚರಿತ್ರೆ, ನೀತಿಶಾಸ್ತ್ರ, ಆಪ್ತಸಮಾಲೋಚನೆಗಳ ಜೊತೆಗೆ ಹಿಂದೂ, ಇಸ್ಲಾಂ ಮೊದಲಾದ ಧರ್ಮಗಳ ಅಧ್ಯಯನವೂ ಇದೆ. ಅದರ ಮೇಲೆ ಎಂ.ಟಿಎಚ್. (ಸ್ನಾತಕೋತ್ತರ), ಡಿ.ಟಿಎಚ್. (ಡಾಕ್ಟರೇಟ್) ಪದವಿಗಳಿವೆ. ಮನೆಯಲ್ಲಿದ್ದೇ ಓದುವ ಶಿಕ್ಷಕರು, ಗೃಹಿಣಿಯರು, ನೌಕರರಿಗೆ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿಗಳು ದೂರಶಿಕ್ಷಣದಲ್ಲಿ ಸಿಗುತ್ತವೆ. ಸೆರಾಂಪುರ ಕಾಲೇಜಿನಲ್ಲಿ ಕಲೆ, ವಿಜ್ಞಾನದ ತರಗತಿಗಳೂ ಇವೆ. ಆದರೆ ಆ ಪದವಿಗಳನ್ನು ಕೊಡುವುದು ಕಲ್ಕತ್ತ ವಿಶ್ವವಿದ್ಯಾಲಯ.

ಅರ್ಜಿ ಹಾಕುವವರಿಗೆ

ಬಿ.ಡಿ.ಗೆ ಬರುವ ಅನೇಕರನ್ನು ಅವರವರ ಸಭೆಯೇ ಕಳಿಸುತ್ತದೆ, ಖರ್ಚನ್ನೂ ಹೊರುತ್ತದೆ. ತುಮಕೂರು ಜಿಲ್ಲೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು ಕರ್ನಾಟಕ ಮಧ್ಯ ಡಯಾಸಿಸ್‌ಗೆ ಸೇರಿದವು. ಆದ್ದರಿಂದ ಮೊದಲು ಮಾತಾಡಬೇಕಾದವರು ಸ್ಥಳೀಯ ಸಭಾಪಾಲಕರು. ಈ ಓದು ಸಭೆಯ ಸೇವೆ, ಬೋಧನೆ, ಸಮಾಜಸೇವೆಯ ಕಡೆಗೆ ಒಯ್ಯುವಂಥದ್ದು. ಸರ್ಕಾರಿ ನೌಕರಿಯ ಲೆಕ್ಕ ಹಾಕಿ ಹೊರಡುವವರು ದಯವಿಟ್ಟು ಒಂದು ಕೆಲಸ ಮಾಡಿ: ಬಿ.ಡಿ.ಯನ್ನು ತತ್ಸಮಾನ ಪದವಿಯೆಂದು ಒಪ್ಪುತ್ತಾರೆಯೇ ಎಂದು ನೀವು ಮುಂದೆ ಸೇರಬೇಕೆಂದಿರುವ ಇಲಾಖೆಯನ್ನೋ ವಿಶ್ವವಿದ್ಯಾಲಯವನ್ನೋ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಂಡೇ ಅರ್ಜಿ ಹಾಕಿ.