ವಿಜಯಪುರ ಮಹಾನಗರ ಪಾಲಿಕೆ: ಹಣಕಾಸು ತಖ್ತೆಗಳು

2013ರಲ್ಲಿ ನಗರಸಭೆಯಿಂದ ಮಹಾನಗರ ಪಾಲಿಕೆಯಾದ ವಿಜಯಪುರದ ವಾರ್ಷಿಕ ಲೆಕ್ಕಪತ್ರ. ಅವಧಿ ಏಪ್ರಿಲ್ 1ರಿಂದ ಮಾರ್ಚ್ 31. ಬೆಂಗಳೂರನ್ನು ಬಿಟ್ಟು ರಾಜ್ಯದ ಉಳಿದ ನಗರ ಸಂಸ್ಥೆಗಳಂತೆ ಇಲ್ಲಿಯೂ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಪ್ರತಿ ವ್ಯವಹಾರವನ್ನೂ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯಿದೆ. ಬಜೆಟ್ ಮುಂದಿನ ವರ್ಷದ ಅಂದಾಜು. ತಖ್ತೆ ನಡೆದುಹೋದದ್ದರ ದಾಖಲೆ. ಪತ್ರಿಕೆಗಳು ಬಜೆಟ್ಟನ್ನೇ ದೊಡ್ಡದಾಗಿ ಬರೆಯುತ್ತವೆ, ತಖ್ತೆಯನ್ನು ಕೇಳುವವರು ಕಡಿಮೆ.

ಓದುಗ ಎಡವುವುದು ಆದಾಯ-ವೆಚ್ಚ ತಖ್ತೆಯಲ್ಲಿ. ಆಸ್ತಿ ತೆರಿಗೆಗೆ ಬೇಡಿಕೆ ಹೊರಟ ಕೂಡಲೇ ಅದು ಆದಾಯವೆಂದು ದಾಖಲಾಗುತ್ತದೆ. ವಸೂಲಾಗದ ಬಾಕಿ ಆಸ್ತಿ-ಹೊಣೆ ತಖ್ತೆಯಲ್ಲಿ ‘ಬರಬೇಕಾದ ಹಣ’ವಾಗಿ ಆಸ್ತಿಯ ಬದಿಗೆ ಸೇರುತ್ತದೆ. ಹೀಗಾಗಿ ಕಾಗದದಲ್ಲಿ ಹೆಚ್ಚುವರಿ ಕಂಡರೂ ಗುತ್ತಿಗೆದಾರರ ಬಿಲ್ಲು ತೀರಿಸಲು ಬ್ಯಾಂಕಿನಲ್ಲಿ ಹಣವಿರದೆ ಹೋಗಬಹುದು. ನಿಜವಾದ ನಗದು ಸ್ವೀಕೃತಿ-ಪಾವತಿ ತಖ್ತೆಯಲ್ಲಿ ಸಿಗುತ್ತದೆ. ಮೊದಲು ಅದನ್ನೇ ನೋಡುವುದು ಲೇಸು. ಸ್ವಂತ ತೆರಿಗೆ, ಶುಲ್ಕಗಳನ್ನು ಹಣಕಾಸು ಆಯೋಗಗಳ ಅನುದಾನದಿಂದ ಬೇರ್ಪಡಿಸಿ ಓದಬೇಕು. ನಿರ್ದಿಷ್ಟ ಕಾಮಗಾರಿಗೆ ಬಂದ ಅನುದಾನವನ್ನು ಸಂಬಳಕ್ಕೆ ಬಳಸುವಂತಿಲ್ಲ.

ಬಬಲೇಶ್ವರ ತಾಲ್ಲೂಕಿನ ಸಾರವಾಡದಂಥ ಗ್ರಾಮಗಳ ಲೆಕ್ಕ ಪಾಲಿಕೆಯ ತಖ್ತೆಗಳಲ್ಲಿ ಸೇರದು. ಗ್ರಾಮ ಪಂಚಾಯಿತಿಗಳಿಗೆ 1993ರ ಪಂಚಾಯತ್ ರಾಜ್ ಅಧಿನಿಯಮ ಅನ್ವಯಿಸುತ್ತದೆ. ಪಾಲಿಕೆಯ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ತಪಾಸಿಸುತ್ತದೆ. ವರದಿಯ ಆಕ್ಷೇಪಣೆಗಳನ್ನು ಮಾಹಿತಿ ಹಕ್ಕಿನಡಿ ಯಾವ ನಾಗರಿಕರಾದರೂ ಕೇಳಿ ಪಡೆಯಬಹುದು.