ನಾಯಿಗೊಂದು ವಂತಿಗೆ

ನಮ್ಮ ಹಚ್ಚೊಳ್ಳಿ ಕಡೆ ಭತ್ತದ ಗದ್ದೆಗಳಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾದರೆ ನಾಲ್ಕು ದಿನ ಅದೇ ಮಾತು. ಹಿಂದೊಮ್ಮೆ ಹೀಗೇ ಕಟ್ಟೆ ಮೇಲೆ ಕೂತಿದ್ದಾಗ ಒಬ್ಬರು ಅಂದರು, "ಬಳ್ಳಾರಿಯಿಂದ ನಾಯಿ ಬರೋ ಹೊತ್ತಿಗೆ ವಾಸನೆ ಎಲ್ಲಿರ್ತೈತಿ? ಮನಿಗಿಷ್ಟು ಅಂತ ಎತ್ತಿ ನಮ್ಮ ಠಾಣೆಗೇ ಒಂದು ನಾಯಿ ಕೊಡಾನ." ಎಲ್ಲರೂ ತಲೆಯಾಡಿಸಿದರು. ಮೂಲೆಯಲ್ಲಿದ್ದ ಅಜ್ಜ ಮಾತ್ರ, "ನಾಯಿ ತರೋದು ದೊಡ್ಡದಲ್ಲಪ್ಪಾ, ಅದರ ಹೊಟ್ಟಿ ನೋಡೋರ್ಯಾರು?" ಅಂದ. ಮಾತು ಅಲ್ಲಿಗೇ ನಿಂತಿತು. ನನ್ನ ತಲೆಯಲ್ಲಿ ಮಾತ್ರ ನಿಲ್ಲಲಿಲ್ಲ ನೋಡಿ...

ಆ ಅಜ್ಜನ ಪ್ರಶ್ನೆಗೆ ಸಾವಿರ ವರ್ಷದ ಹಿಂದೆಯೇ ಒಬ್ಬ ಉತ್ತರ ಕೊಟ್ಟಿದ್ದಾನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಹೋರಾಡಿದ ಮಣಲೆರನಿಗೆ, ಬೇಕಾದ್ದು ಕೇಳು ಅಂತ ಒಡೆಯ ಅಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಿ, ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ ಸುಮ್ಮನಾಗಲಿಲ್ಲ, ಕೆರೆಯ ಕೆಳಗೆ ಭೂಮಿಯನ್ನೂ ಬಿಟ್ಟ. ಆ ಭೂಮಿ ಉಣ್ಣುವವನು ಕಲ್ಲನ್ನು ಪೂಜಿಸದಿದ್ದರೆ ನಾಯಿಯ ಪಾಪ ಅವನಿಗೆ ಅಂತ ಕರಾರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ನಾಯಿಯ ನೆನಪಿಗೇ ವರ್ಷವರ್ಷದ ಆದಾಯ ಕಟ್ಟಿಟ್ಟರು ಅಂದಮೇಲೆ ಬದುಕಿರುವ ನಾಯಿಗೆ?

ಕಾವಲಿಗೆ ಊರೇ ಖರ್ಚು ಹಾಕುವುದು ನಮಗೇನು ಹೊಸದಲ್ಲ. ಆಯಗಾರರಲ್ಲಿ ತಳವಾರನೂ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವನ ಪಾಲು ಅಳೆದು ಕೊಡಬೇಕು. ಅಂದರೆ ಒಂದೇ ಸಲ ಚಂದಾ ಎತ್ತಿ ಮುಗಿಸುವ ಲೆಕ್ಕವಲ್ಲ, ಪ್ರತಿ ಬೆಳೆಗೂ ಪಾಲು. ಆದರೆ ಇದಕ್ಕೊಂದು ಕೆಟ್ಟ ಮುಖವೂ ಇತ್ತು. ಪಾಳೆಯಗಾರರು ಕಾವಲಿನ ಹೆಸರಲ್ಲಿ ಹಣ ಎತ್ತುತ್ತಿದ್ದರು. ಕೊಟ್ಟವನ ದನ ಕೊಟ್ಟಿಗೆಯಲ್ಲೇ ಇರುತ್ತಿತ್ತು, ಕೊಡದವನದು ಕಾಣೆಯಾಗುತ್ತಿತ್ತು! 1800ರಲ್ಲಿ ನಿಜಾಮ ಈ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಮೊದಲು ಮುರಿದದ್ದು ಈ ಪಾಳೆಯಗಾರರ ಬಲವನ್ನೇ. 1859ರಲ್ಲಿ ಮದ್ರಾಸ್ ಪೊಲೀಸ್ ಕಾಯ್ದೆ ಬಂತು, ಸಂಬಳದ ಪೊಲೀಸರು ಬಂದರು.

ಇನ್ನು ಪೊಲೀಸ್ ನಾಯಿಯ ಕಥೆ. 1888ರಲ್ಲಿ ಲಂಡನ್ನಿನವರು ಸರಣಿ ಕೊಲೆಗಾರನನ್ನು ಹುಡುಕಲು ಎರಡು ಬ್ಲಡ್‌ಹೌಂಡ್ ತಂದು ಪರೀಕ್ಷೆ ಮಾಡಿದರು, ಫಲ ಸಿಗಲಿಲ್ಲ. ಬೆಲ್ಜಿಯಂನ ಗೆಂಟ್ ನಗರ 1899ರಲ್ಲಿ ತರಬೇತಿ ಕೊಟ್ಟು ರಾತ್ರಿ ಗಸ್ತಿಗೆ ನಾಯಿ ಇಳಿಸಿತು. ಮದ್ರಾಸ್ ನಗರದಲ್ಲಿ 1951ರಲ್ಲಿ ಶ್ವಾನದಳ ಶುರುವಾಯಿತು. ಆಗ ನಾವೂ ಮದ್ರಾಸ್ ರಾಜ್ಯದವರೇ, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಈಚೆಗೆ 2020ರಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಆರೋಪಿಯ ಜಾಡು ಹಿಡಿದದ್ದು ನೀವೂ ಓದಿರುತ್ತೀರಿ.

ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಜನರೇ ದೇಣಿಗೆ ಎತ್ತಿ ತಮ್ಮ ಠಾಣೆಗೆ ನಾಯಿ ತರುವುದುಂಟು. ನಾವೂ ತರಬಹುದಲ್ಲ ಅನ್ನಿಸುತ್ತದೆ. ಆದರೆ ನಾಯಿ ಒಂದೇ ಬಂದರೆ ಸಾಲದು. ಅದರ ಜೊತೆ ತರಬೇತಿಯಾದ ಪೊಲೀಸ್, ಗೂಡು, ದಿನದ ಊಟ, ಪಶುವೈದ್ಯರು, ಮುದಿಯಾದಾಗ ಒಂದು ನೆಲೆ ಎಲ್ಲಾ ಬೇಕು. ತಳವಾರನ ಪಾಲಿನ ಹಾಗೆ ವರ್ಷವರ್ಷ ಕೊಡಲು ತಯಾರಿದ್ದೀವಾ?

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಐವತ್ತು ಸಾವಿರ ಕೊಟ್ಟ ಸಾಹುಕಾರರ ಕೇಬಲ್ ಹೋದ ದಿನವೇ, ಏನೂ ಕೊಡಲಾಗದ ಮುದುಕಿಯ ಎರಡು ಮೇಕೆ ಹೋದರೆ ನಾಯಿ ಯಾರ ಬಾಗಿಲಿಗೆ ಮೊದಲು ಹೋಗಬೇಕು? ಇಬ್ಬರಿಗೂ ಒಂದೇ ಅನ್ನುವ ಧೈರ್ಯ ಇದ್ದರೆ ಮಾತ್ರ ವಂತಿಗೆ ಎತ್ತಬೇಕು. ಇಲ್ಲದಿದ್ದರೆ ಪಾಳೆಯಗಾರರ ಕಾವಲನ್ನೇ ನಾಲ್ಕು ಕಾಲಿನ ಮೇಲೆ ವಾಪಸ್ ತಂದ ಹಾಗೆ. ಅದಕ್ಕೇ ನನ್ನ ಮತ, ದುಡ್ಡು ಕೊಡುವುದಾದರೆ ರಸೀದಿ ಪಡೆದು ಸರ್ಕಾರಕ್ಕೇ ಕೊಡೋಣ, ಕೊಟ್ಟವರ ಹೆಸರು ಮಾತ್ರ ಗೂಡಿನ ಮೇಲೆ ಬರೆಸುವುದು ಬೇಡ.

ಅಜ್ಜನಿಗೆ ಕಾಳಿಯ ಕಥೆ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರ ಮೊದಲು ಭೂಮಿ ಬಿಡೋನ್ನ ಹುಡುಕು, ನಾಯಿ ಆಮ್ಯಾಲೆ" ಅಂದ. ನಿಮ್ಮೂರಲ್ಲಿ ಅಂಥವರು ಯಾರಾದರೂ ಇದ್ದಾರಾ?