ಪಂಕ್ತಿ ಮುರಿದಾಗ: ಸಿಐ ಪೈಪ್‌ಲೈನ್‌ನಲ್ಲಿ ಕೆಲಸಗಳ ಸ್ವತಂತ್ರ ಆರಂಭ

ತಂಡದವರೆಲ್ಲ ಬರೆದ ಕೋಡನ್ನು ದಿನಕ್ಕೆ ಹಲವು ಸಲ ಒಂದುಗೂಡಿಸಿ, ಪ್ರತಿ ಸಲವೂ ಯಂತ್ರದಿಂದಲೇ ಪರೀಕ್ಷಿಸುವ ಪದ್ಧತಿಗೆ ಕಂಟಿನ್ಯುಯಸ್ ಇಂಟಿಗ್ರೇಷನ್, ಬಳಕೆಯ ಮಾತಿನಲ್ಲಿ ಸಿಐ, ಎಂದು ಹೆಸರು. ಕೆಲಸಗಳ ಸರಣಿಯನ್ನು, ಅಂದರೆ ಪೈಪ್‌ಲೈನನ್ನು, ಬಿಲ್ಡ್, ಟೆಸ್ಟ್, ಡಿಪ್ಲಾಯ್ ಎಂದು ಹಂತಗಳನ್ನಾಗಿ ಮಾಡಿ, ಒಂದು ಹಂತದ ಎಲ್ಲ ಕೆಲಸಗಳೂ ಮುಗಿದ ಮೇಲೆಯೇ ಮುಂದಿನ ಹಂತಕ್ಕೆ ಹೋಗುವುದು ಸಿಐ ನಡೆಸುವ ಗಿಟ್‌ಲ್ಯಾಬ್ ವೇದಿಕೆಯ ಮೂಲ ನಡೆ. ಮದುವೆಮನೆಯ ಪಂಕ್ತಿಯಂತೆ: ಕೊನೆಯವರು ಮಜ್ಜಿಗೆ ಅನ್ನ ಮುಗಿಸಿ ಏಳುವವರೆಗೂ ಬೇಗ ಉಂಡವರು ಎಲೆಯ ಮುಂದೆ ಕೂತಿರಬೇಕು, ಬಾಗಿಲಲ್ಲಿ ನಿಂತವರು ಕಾಯಬೇಕು.

ಈ ಕಾಯುವಿಕೆಯ ಬೆಲೆಯನ್ನು ಲೆಕ್ಕ ಹಾಕಬಹುದು. ಸರ್ವರ್ ಬಿಲ್ಡ್‌ಗೆ 4 ನಿಮಿಷ, ಅದರ ಟೆಸ್ಟ್‌ಗೆ 10. ಮೊಬೈಲ್ ಆ್ಯಪ್ ಬಿಲ್ಡ್‌ಗೆ 12, ಅದರ ಟೆಸ್ಟ್‌ಗೆ 3 ಎಂದಿಟ್ಟುಕೊಳ್ಳೋಣ. ಹಂತಗಳ ಪ್ರಕಾರ 12 ಮತ್ತು 10 ಸೇರಿ 22 ನಿಮಿಷ. ಪ್ರತಿ ಟೆಸ್ಟ್ ತನ್ನ ಬಿಲ್ಡ್ ಮುಗಿದ ಕೂಡಲೇ ಹೊರಟರೆ ಒಂದು ಸಾಲು 14ಕ್ಕೆ, ಇನ್ನೊಂದು 15ಕ್ಕೆ ಮುಗಿಯುತ್ತದೆ. ಸರ್ವರ್ ಟೆಸ್ಟ್ ಮೊದಲು ಕಾಯುತ್ತಿದ್ದ 8 ನಿಮಿಷ, ತನಗೆ ಸಂಬಂಧವೇ ಇಲ್ಲದ ಆ್ಯಪ್ ಬಿಲ್ಡ್‌ಗಾಗಿ.

ಪರಿಹಾರ ಹೊಸದೇನಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದ ‘ಮೇಕ್’ ಎಂಬ ಬಿಲ್ಡ್ ಸಾಧನದಲ್ಲಿ ಹಂತ ಎಂಬ ಕಲ್ಪನೆಯೇ ಇಲ್ಲ. ಯಾವುದಕ್ಕೆ ಯಾವುದು ಬೇಕು ಎಂದು ಬರೆದರೆ ಸಾಕು, ಕ್ರಮ ತಾನಾಗಿ ಹೊರಡುತ್ತದೆ. ಗಿಟ್‌ಲ್ಯಾಬ್ ಇದೇ ದಾರಿಗೆ ಬಂದದ್ದು 2019ರ ಆಗಸ್ಟ್‌ನಲ್ಲಿ, 12.2ನೇ ಆವೃತ್ತಿಯ ‘ನೀಡ್ಸ್’ ಎಂಬ ಪದದ ಮೂಲಕ. ನೀಡ್ಸ್‌ನ ಪಟ್ಟಿಯನ್ನು ಖಾಲಿ ಬಿಟ್ಟರೆ ಆ ಕೆಲಸ ಯಾರಿಗೂ ಕಾಯದೆ ಮೊದಲ ಕ್ಷಣಕ್ಕೇ ಶುರುವಾಗುತ್ತದೆ. ಗಿಟ್‌ಹಬ್ ಆ್ಯಕ್ಷನ್ಸ್‌ನದು ತಿರುಗುಮುರುಗು: ಅಲ್ಲಿ ಎಲ್ಲವೂ ಮೊದಲಿನಿಂದಲೇ ಸ್ವತಂತ್ರ, ಕಾಯಬೇಕಾದದ್ದನ್ನು ಹೇಳಿ ಬರೆಯಬೇಕು.

ಆದರೆ ಹಂತಗಳು ನಮಗೆ ಅರಿವಿಲ್ಲದೆ ಇನ್ನೆರಡು ಕೆಲಸ ಮಾಡುತ್ತಿದ್ದವು. ಮೊದಲನೆಯದು ಕಾವಲು. ಯಾವ ಟೆಸ್ಟ್ ಸೋತರೂ ಡಿಪ್ಲಾಯ್ ನಿಲ್ಲುತ್ತಿತ್ತು. ಡಿಪ್ಲಾಯ್‌ನ ನೀಡ್ಸ್‌ನಲ್ಲಿ ಬಿಲ್ಡ್‌ನ ಹೆಸರನ್ನು ಮಾತ್ರ ಬರೆದರೆ, ಟೆಸ್ಟ್ ಇನ್ನೂ ಓಡುತ್ತಿರುವಾಗಲೇ, ಅಥವಾ ಸೋತ ಮೇಲೂ, ಕೋಡ್ ಗ್ರಾಹಕರನ್ನು ತಲುಪಿಬಿಡಬಹುದು. ನನ್ನ ಮಟ್ಟಿಗೆ ಈ ಬದಲಾವಣೆಯ ಅತಿ ದೊಡ್ಡ ಅಪಾಯ ಇದೇ. ಎರಡನೆಯದು, ಬಚ್ಚಿಟ್ಟ ಅವಲಂಬನೆಗಳ ರಕ್ಷಣೆ. ಒಂದೇ ಡೇಟಾಬೇಸನ್ನು ಮುಟ್ಟುವ ಎರಡು ಕೆಲಸಗಳು ಬೇರೆ ಬೇರೆ ಹಂತದಲ್ಲಿದ್ದದ್ದರಿಂದಲೇ ಇಷ್ಟು ದಿನ ಡಿಕ್ಕಿ ಹೊಡೆದಿರಲಿಲ್ಲ. ಹಂತಗಳ ಗೋಡೆ ಬಿದ್ದೊಡನೆ ಅವು ಒಮ್ಮೊಮ್ಮೆ ಮಾತ್ರ ಸೋಲತೊಡಗುತ್ತವೆ, ಕಾರಣ ಕೋಡಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇಂಥವನ್ನು ಗಿಟ್‌ಲ್ಯಾಬ್‌ನ ‘ರಿಸೋರ್ಸ್ ಗ್ರೂಪ್’ನಲ್ಲಿಟ್ಟು ಒಂದಾದ ಮೇಲೊಂದು ಓಡಿಸಬೇಕು.

ಅವಲಂಬನೆಗಳನ್ನೆಲ್ಲ ಸರಿಯಾಗಿ ಬರೆದೆವು ಅನ್ನಿ. ಆಗ ವೇಗ ಖಚಿತವೇ? ಇಲ್ಲ ಎಂದು ಗಣಿತಜ್ಞ ರೊನಾಲ್ಡ್ ಗ್ರಹಾಂ 1960ರ ದಶಕದಲ್ಲೇ ತೋರಿಸಿದ್ದಾರೆ. ಅವರ ಪ್ರಸಿದ್ಧ ಉದಾಹರಣೆಯಲ್ಲಿ ಒಂಬತ್ತು ಕೆಲಸಗಳು, ಮೂರು ಯಂತ್ರಗಳು. ಅವಧಿಗಳು ಕ್ರಮವಾಗಿ 3, 2, 2, 2, 4, 4, 4, 4, 9. ಒಂಬತ್ತನೆಯದು ಮೊದಲನೆಯದಕ್ಕೆ ಕಾಯಬೇಕು. ಐದರಿಂದ ಎಂಟರವರೆಗಿನವು ನಾಲ್ಕನೆಯದಕ್ಕೆ. ಬಿಡುವಾದ ಯಂತ್ರ ಪಟ್ಟಿಯಲ್ಲಿ ಮುಂದಿರುವ ಸಿದ್ಧ ಕೆಲಸವನ್ನು ಎತ್ತಿಕೊಳ್ಳುತ್ತದೆ. ಎಲ್ಲ 12 ಘಟಕ ಕಾಲದಲ್ಲಿ ಮುಗಿಯುತ್ತದೆ. ನಾಲ್ಕನೆಯ ಯಂತ್ರ ಕೊಟ್ಟರೆ 15 ಆಗುತ್ತದೆ! ಮೂರೇ ಯಂತ್ರಗಳನ್ನಿಟ್ಟು, ಐದು ಮತ್ತು ಆರನೆಯವು ನಾಲ್ಕಕ್ಕೆ ಕಾಯಬೇಕೆಂಬ ನಿಯಮ ತೆಗೆದರೆ 16. ಅಂದರೆ ಸ್ವಾತಂತ್ರ್ಯ ಹೆಚ್ಚಿದ್ದರಿಂದಲೇ ತಡವಾಯಿತು. ಚಿಕ್ಕ ಕೆಲಸಗಳು ಬೇಗ ಸಿದ್ಧವಾಗಿ ಯಂತ್ರಗಳನ್ನು ಹಿಡಿದವು, ಎಲ್ಲಕ್ಕಿಂತ ಉದ್ದವಾದ ಒಂಬತ್ತನೆಯದು ಹಿಂದೆ ಬಿತ್ತು. ಕಾಗದ ಪೆನ್ಸಿಲ್ ಹಿಡಿದು ಓದುಗರೇ ಇದನ್ನು ಪರೀಕ್ಷಿಸಬಹುದು. ಹತ್ತು ನಿಮಿಷದ ಕೆಲಸ.

ನಮ್ಮ ಪೈಪ್‌ಲೈನ್‌ಗಳಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಕೆಲಸಗಳನ್ನು ಓಡಿಸುವ ಯಂತ್ರಗಳ, ಅಂದರೆ ರನ್ನರ್‌ಗಳ, ಸಂಖ್ಯೆಗೆ ಮಿತಿಯಿದೆ. ಪೈಪ್‌ಲೈನನ್ನು ವಿವರಿಸುವ ಗಿಟ್‌ಲ್ಯಾಬ್‌ನ ಯಾಮಲ್ ಕಡತದಲ್ಲಿ ಕೆಲಸದ ಗರಿಷ್ಠ ಅವಧಿಯನ್ನು ಹೇಳಬಹುದು, ಅಂದಾಜು ಅವಧಿಯನ್ನು ಹೇಳುವ ಜಾಗವಿಲ್ಲ. ಹಾಗಾಗಿ ಯಾವ ಸಾಲು ಉದ್ದ ಎಂಬುದನ್ನು ಲೆಕ್ಕ ಹಾಕುವ ಹೊಣೆ ಬರೆಯುವವರದೇ. ರಾತ್ರಿಯ ನಿಗದಿತ ಓಟಕ್ಕೆ ಸೇರಬೇಕಾದ ದೀರ್ಘ ಟೆಸ್ಟ್‌ಗಳನ್ನು ‘ರೂಲ್ಸ್’ ಮೂಲಕ ಹಗಲಿನಿಂದ ಬೇರ್ಪಡಿಸುವುದು ಇದರ ಒಂದು ಸುಲಭ ಭಾಗ. ಉಳಿದವುಗಳಲ್ಲಿ ಅತಿ ಉದ್ದದ ಸಾಲಿಗೆ ಬೇರೆಯದೇ ರನ್ನರ್ ಮೀಸಲಿಡುವುದು, ಅಥವಾ ಆ ಸಾಲಿನ ದೊಡ್ಡ ಟೆಸ್ಟನ್ನು ಒಡೆಯುವುದು, ನೀಡ್ಸ್ ಬರೆಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ಗ್ರಹಾಂ ಅವರ ಪಟ್ಟಿಯಲ್ಲಿ ಒಂಬತ್ತನೆಯ ಕೆಲಸವನ್ನು ಮೊದಲನೆಯದರ ಬೆನ್ನಿಗೇ ಬರೆದು ನೋಡಿ: 15 ಆಗಿದ್ದದ್ದೂ 16 ಆಗಿದ್ದದ್ದೂ ಎರಡೂ ಮತ್ತೆ 12ಕ್ಕೆ ಇಳಿಯುತ್ತವೆ.